ಈ ಬಿಲ್ಲಿನಲ್ಲಿ ಎಷ್ಟು ಗಿಟ್ಟಿತು?

ಎಲೆಕ್ಟ್ರಿಕಲ್ ಅಂಗಡಿಯೊಂದರ ಗಲ್ಲಾದ ಹಿಂದೆ ನಡೆದ ಮಾತು. ಸಾಹುಕಾರರ ಕೈಯಲ್ಲಿ ಒಂದೇ ಬಿಲ್ಲಿನ ಲಾಭ ತೋರಿಸುವ ಎರಡು ಪ್ರಿಂಟ್ ಇದ್ದವು. ಏಪ್ರಿಲ್ 22ರಂದು ಕಂಟ್ರಾಕ್ಟರ್ ಒಬ್ಬರಿಗೆ ಎರಡೂವರೆ ಸ್ಕ್ವೇರ್ ವೈರು 25 ಕಾಯಿಲ್ (ಸುರುಳಿ) ಕೊಟ್ಟ ಬಿಲ್ಲು ಅದು. ಅವತ್ತು ಸಂಜೆ ತೆಗೆದ ವರದಿಯಲ್ಲಿ ಲಾಭ 5,750 ರೂಪಾಯಿ. ಮೇ ಮೊದಲ ವಾರ ತೆಗೆದದ್ದರಲ್ಲಿ ಅದೇ ಬಿಲ್ಲಿಗೆ 4,250.

"ಏನಪ್ಪಾ ಇದು? ಮುಗಿದುಹೋದ ಬಿಲ್ಲಲ್ಲಿ ಸಾವಿರದ ಐನೂರು ಕಮ್ಮಿಯಾಗಿದೆ. ಯಾರಾದ್ರೂ ರೇಟ್ ತಿದ್ದಿದ್ರಾ?"

"ಇಲ್ಲ ಸಾರ್, ಬಿಲ್ ಯಾರೂ ಮುಟ್ಟಿಲ್ಲ. ಟೆಂಪೊ ಬಾಡಿಗೆ ಬಿಲ್ ತಿಂಗಳ ಕೊನೇಲಿ ಬಂತಲ್ಲ, ಅದನ್ನ ಖರೀದಿಗೆ ಸೇರಿಸ್ದೆ."

"ಬಾಡಿಗೆ ಕೊಟ್ಟಿದ್ದು ಮಾಲು ತರೋಕೆ. ಮಾರಿದ ಬಿಲ್ಲಿಗೂ ಅದಕ್ಕೂ ಏನಯ್ಯಾ ಸಂಬಂಧ?"

ಲೆಕ್ಕ ಬರೆಯುವ ಹುಡುಗ ಮಾಡಿದ್ದು ಸರಿಯಾಗಿಯೇ ಇತ್ತು. ಆದರೂ ಸಾಹುಕಾರರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮಾರಾಟದ ಬಿಲ್ಲಿನಲ್ಲಿ ಇರುವುದು ಲಾಭದ ಅರ್ಧ ಲೆಕ್ಕ ಮಾತ್ರ: ಎಷ್ಟಕ್ಕೆ ಮಾರಿದೆವು ಎಂಬುದು. ಉಳಿದರ್ಧ, ಅಂದರೆ ಅಸಲು ಎಷ್ಟು ಎಂಬುದು, ಬಿಲ್ಲಿನಲ್ಲಿ ಎಲ್ಲಿಯೂ ಬರೆದಿರುವುದಿಲ್ಲ. ವರದಿ ತೆರೆದಾಗಲೆಲ್ಲ ಸಾಫ್ಟ್‌ವೇರ್ ಅದನ್ನು ಖರೀದಿ ಎಂಟ್ರಿಗಳಿಂದ ಹೊಸದಾಗಿ ಲೆಕ್ಕ ಹಾಕಿ ತರುತ್ತದೆ. ಖರೀದಿಯ ಕಡೆ ಏನೇ ಅಲುಗಾಡಿದರೂ ಹಳೆಯ ಬಿಲ್ಲಿನ ಲಾಭವೂ ಅಲುಗುತ್ತದೆ. ಹಾಗಾಗಿ "ಬಿಲ್‌ವಾರು ಲಾಭ" ಎಂಬ ವರದಿಯನ್ನು ಓದುವ ಮೊದಲು, ಅದು ಯಾವ ಅಸಲನ್ನು ಹಿಡಿದಿದೆ, ಅದನ್ನು ಯಾವ ತಾರೀಖಿನಂದು ತೆಗೆದದ್ದು ಎಂಬ ಎರಡು ಸಂಗತಿ ಗೊತ್ತಿರಬೇಕು. ಇವೆರಡೂ ಗೊತ್ತಿಲ್ಲದಿದ್ದರೆ ಆ ವರದಿಯ ಮೇಲೆ ಜಗಳಕ್ಕೆ ಕೂರುವುದು ವ್ಯರ್ಥ.

ಒಂದು ಬಿಲ್ಲು, ನಾಲ್ಕು ಲಾಭ

ಅದೇ ಬಿಲ್ಲನ್ನು ಹತ್ತಿರದಿಂದ ನೋಡೋಣ. ಇಲ್ಲಿನ ದರಗಳೆಲ್ಲ ಜಿಎಸ್‌ಟಿ ಬಿಟ್ಟು. ಏಪ್ರಿಲ್ 3ಕ್ಕೆ 20 ಕಾಯಿಲ್, ಒಂದಕ್ಕೆ 2,400ರಂತೆ, ಒಟ್ಟು 48,000. ಏಪ್ರಿಲ್ 18ಕ್ಕೆ ತಾಮ್ರದ ದರ ಏರಿದ ಮೇಲೆ 30 ಕಾಯಿಲ್, 2,600ರಂತೆ, ಒಟ್ಟು 78,000. ನಡುವೆ ಮಾರಾಟವಿಲ್ಲ. 22ಕ್ಕೆ 25 ಕಾಯಿಲ್ ಮಾರಿದ್ದು 2,750ರಂತೆ, 68,750ಕ್ಕೆ.

ಸರಾಸರಿ ಹಿಡಿದರೆ 50 ಕಾಯಿಲ್‌ಗೆ 1,26,000, ಅಂದರೆ ಒಂದಕ್ಕೆ 2,520. ಮಾರಿದ 25ರ ಅಸಲು 63,000, ಲಾಭ 5,750. ಫಿಫೊ ಹಿಡಿದರೆ, ಮೊದಲು ಬಂದದ್ದು ಮೊದಲು ಹೋಯಿತು ಎಂದು, ಹಳೆಯ 20 ಕಾಯಿಲ್‌ಗೆ 48,000 ಮತ್ತು ಹೊಸದರಲ್ಲಿ 5ಕ್ಕೆ 13,000, ಒಟ್ಟು ಅಸಲು 61,000, ಲಾಭ 7,750. ಕೊನೆಯ ಖರೀದಿ ದರ ಹಿಡಿದರೆ ಅಸಲು 65,000, ಲಾಭ 3,750. ಇನ್ನು ಡಿಸ್ಟ್ರಿಬ್ಯೂಟರ್ ಮರುದಿನವೇ "ಹೊಸ ಮಾಲು 2,700" ಎಂದು ಮೆಸೇಜ್ ಕಳಿಸಿದ್ದಾನೆ ಅಂದುಕೊಳ್ಳಿ. ಖಾಲಿಯಾದ 25 ಕಾಯಿಲ್ ತುಂಬಿಸಲು 67,500 ಬೇಕು. ಆ ಲೆಕ್ಕದಲ್ಲಿ ಕೈಯಲ್ಲಿ ಉಳಿದದ್ದು 1,250.

ಶೇಕಡಾವಾರು ನೋಡಿದರೆ ಮಾರಾಟದ ಮೇಲೆ ಶೇ. 11.27ರಿಂದ ಶೇ. 1.82ರವರೆಗೆ ಅಂತರ. ನಾಲ್ಕರಲ್ಲಿ ಯಾವುದೂ ತಪ್ಪಲ್ಲ, ಒಂದೊಂದೂ ಬೇರೆ ಪ್ರಶ್ನೆಗೆ ಉತ್ತರ. ವರ್ಷದ ಲೆಕ್ಕಕ್ಕೆ, ಆಡಿಟರ್ ಮುಂದೆ ಇಡಲು ಮೊದಲ ಎರಡು ನಡೆಯುತ್ತವೆ. ದಾಸ್ತಾನಿನ ಮೌಲ್ಯಮಾಪನದ ಎಎಸ್ 2 ಲೆಕ್ಕಪತ್ರ ಮಾನದಂಡ ಒಪ್ಪುವುದು ಫಿಫೊ ಅಥವಾ ತೂಕದ ಸರಾಸರಿ. ತೆರಿಗೆಗೆ ಆದಾಯ ಲೆಕ್ಕ ಹಾಕುವ ಮಾನದಂಡವಾದ ಐಸಿಡಿಎಸ್ 2 ಕೂಡ ಹಾಗೆಯೇ ಹೇಳುತ್ತದೆ. ಕೊನೆಗೆ ಬಂದದ್ದು ಮೊದಲು ಹೋಯಿತು ಎನ್ನುವ ಲಿಫೊ ಸಾಫ್ಟ್‌ವೇರ್ ಪಟ್ಟಿಯಲ್ಲಿ ಇದ್ದರೂ ಇಲ್ಲಿನ ಪುಸ್ತಕಕ್ಕೆ ಸಲ್ಲದು. ಆದರೆ ನಾಳೆ ಬೆಳಿಗ್ಗೆ ಅದೇ ಕಂಟ್ರಾಕ್ಟರ್ ಬಂದು ಇನ್ನೂ 40 ಕಾಯಿಲ್‌ಗೆ ರೇಟ್ ಕೇಳಿದರೆ, ಸರಾಸರಿಯನ್ನು ನೋಡಿ ರೇಟ್ ಹೇಳುವವನು ಏರುವ ಮಾರುಕಟ್ಟೆಯಲ್ಲಿ ಅಸಲು ಹುಟ್ಟದೆ ಕೂರುತ್ತಾನೆ. ರೇಟ್ ಹೇಳುವಾಗ ಬೇಕಾದ್ದು ನಾಲ್ಕನೆಯ ಲೆಕ್ಕ. ಅದು ಯಾವ ಖರೀದಿ ಎಂಟ್ರಿಯಲ್ಲೂ ಇಲ್ಲ, ಇನ್ನೂ ಬಾರದ ಮಾಲಿನ ದರ ಅದು. ಇದಕ್ಕಾಗಿ ಐಟಂ ಮಾಸ್ಟರ್‌ನಲ್ಲಿ, ಅಂದರೆ ಮಾಲಿನ ವಿವರ ತುಂಬಿಡುವ ಪರದೆಯಲ್ಲಿ, ಸ್ಟ್ಯಾಂಡರ್ಡ್ ರೇಟ್ ಎಂಬ ಜಾಗವನ್ನು ಬಳಸಬಹುದು. ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿ ಅದನ್ನು ತಾರೀಖಿನ ಸಮೇತ ಕೊಡಬಹುದು, ದರ ಬದಲಾದ ದಿನ ಹೊಸ ಸಾಲು ಸೇರಿಸಿದರೆ ಹಳೆಯದು ಹಾಗೆಯೇ ಉಳಿಯುತ್ತದೆ.

ಸರಾಸರಿ ಅಂದರೆ ಯಾವ ಸರಾಸರಿ

ಇಲ್ಲಿ ಬಹಳ ಜನ ಎಡವುತ್ತಾರೆ. ಸರಾಸರಿಯಲ್ಲಿ ಎರಡು ಬಗೆ. ಪ್ರತಿ ಖರೀದಿ ಬಂದಾಗ ಕೈಯಲ್ಲಿರುವ ಮಾಲಿಗೆ ಸೇರಿಸಿ ಹೊಸ ಸರಾಸರಿ ಕಟ್ಟುತ್ತಾ ಹೋಗುವುದು ಒಂದು. ಇಡೀ ಅವಧಿಯ ಖರೀದಿಯನ್ನೆಲ್ಲ ಒಟ್ಟು ಹಾಕಿ ಒಂದೇ ಸರಾಸರಿ ತೆಗೆದು, ಆ ಅವಧಿಯ ಎಲ್ಲಾ ಮಾರಾಟಕ್ಕೂ ಹಚ್ಚುವುದು ಇನ್ನೊಂದು. ಎರಡನೆಯದರಲ್ಲಿ ಏಪ್ರಿಲ್‌ನ ಬಿಲ್ಲಿಗೆ ಜೂನ್‌ನ ಖರೀದಿ ದರವೂ ತಗಲುತ್ತದೆ. ವರದಿಯ ಅವಧಿಯನ್ನು ಬದಲಿಸಿದರೆ ಲಾಭವೂ ಬದಲಾಗುತ್ತದೆ.

ನಿಮ್ಮ ಸಾಫ್ಟ್‌ವೇರ್ ಏನು ಮಾಡುತ್ತದೆ ಎಂದು ಡೀಲರನ್ನು ಕೇಳುವುದಕ್ಕಿಂತ ಅದರಲ್ಲೇ ಒಂದು ಖಾಲಿ ಕಂಪನಿ (ಪರೀಕ್ಷೆಗೆಂದೇ ಹೊಸ ಲೆಕ್ಕದ ಪುಸ್ತಕ) ತೆರೆದು ನಾಲ್ಕು ಎಂಟ್ರಿ ಹಾಕಿ ನೋಡುವುದೇ ಒಳ್ಳೆಯದು. ಒಂದು ಐಟಂ ಸೃಷ್ಟಿಸಿ. 1ನೇ ತಾರೀಖು 10 ನಗ, 100ರಂತೆ ಖರೀದಿ. 2ಕ್ಕೆ 5 ನಗ, 150ರಂತೆ ಮಾರಾಟ. 3ಕ್ಕೆ 10 ನಗ, 130ರಂತೆ ಖರೀದಿ. 4ಕ್ಕೆ 10 ನಗ, 150ರಂತೆ ಮಾರಾಟ. ಈಗ ಎರಡು ಮಾರಾಟಗಳ ಲಾಭ ನೋಡಿ. ಮೊದಲನೆಯದು 250, ಎರಡನೆಯದು 300 ಬಂದರೆ ಅದು ಚಲಿಸುವ ಸರಾಸರಿ: ಎರಡನೇ ಖರೀದಿಯಾದ ಮೇಲೆ 15 ನಗಕ್ಕೆ 1,800, ಒಂದಕ್ಕೆ 120. 250 ಮತ್ತು 350 ಬಂದರೆ ಫಿಫೊ. 175 ಮತ್ತು 350 ಬಂದರೆ ಇಡೀ ಅವಧಿಯ ಸರಾಸರಿ, 115ರ ದರದಲ್ಲಿ. ಮೊದಲನೆಯದಕ್ಕೆ 100, ಎರಡನೆಯದಕ್ಕೆ 200 ಬಂದರೆ ಎಲ್ಲದಕ್ಕೂ ಕೊನೆಯ ಖರೀದಿ ದರವನ್ನೇ ಹಿಡಿಯುತ್ತಿದೆ ಎಂದರ್ಥ. ಇವುಗಳಲ್ಲಿ ಯಾವುದೂ ಬಾರದಿದ್ದರೆ ವರದಿ ಬೇರೆ ಯಾವುದೋ ದರವನ್ನು ಕಳೆಯುತ್ತಿದೆ, ಉದಾಹರಣೆಗೆ ಐಟಂ ಮಾಸ್ಟರ್‌ನಲ್ಲಿ ಖರೀದಿ ದರ ಅಂತ ತುಂಬಿದ ಒಂದು ಸ್ಥಿರ ಸಂಖ್ಯೆಯನ್ನು. ಐದು ನಿಮಿಷದ ಕೆಲಸ.

ಟ್ಯಾಲಿ ಪ್ರೈಮ್‌ನಲ್ಲಿ ಈ ವಿಧಾನವನ್ನು ಐಟಂವಾರು ಆರಿಸಬಹುದು. ಸ್ಟಾಕ್ ಐಟಂ ತಿದ್ದುವ ಪರದೆಯಲ್ಲಿ ಎಫ್12 ಒತ್ತಿ ಕಾಸ್ಟಿಂಗ್ ಮೆಥಡ್ ಕಾಣುವಂತೆ ಮಾಡಿಕೊಂಡರೆ ಸರಾಸರಿ, ಫಿಫೊ, ಫಿಫೊ ಪರ್ಪೆಚುಯಲ್, ಕೊನೆಯ ಖರೀದಿ ದರ, ತಿಂಗಳ ಸರಾಸರಿ, ಸ್ಟ್ಯಾಂಡರ್ಡ್ ಕಾಸ್ಟ್ ಹೀಗೆ ಪಟ್ಟಿ ಬರುತ್ತದೆ. ಏನೂ ಮುಟ್ಟದಿದ್ದರೆ ಸರಾಸರಿ. ಲಾಭ ನೋಡಲು ಸ್ಟಾಕ್ ಸಮರಿಗೆ ಹೋಗಿ, ಎಫ್12ರಲ್ಲಿ ಕನ್ಸಂಪ್ಷನ್ ಮತ್ತು ಗ್ರಾಸ್ ಪ್ರಾಫಿಟ್ ತೋರಿಸು ಎಂದು ಕೊಡಬೇಕು. ಐಟಂ ಮೇಲೆ ಎಂಟರ್ ಹೊಡೆಯುತ್ತಾ ಒಳಗೆ ಇಳಿದರೆ ತಿಂಗಳು, ಆಮೇಲೆ ವೋಚರ್, ಅಂದರೆ ಒಂದೊಂದು ಎಂಟ್ರಿಯ ಮಟ್ಟದವರೆಗೆ ಕಾಣುತ್ತದೆ. ಆದರೆ ಇದು ಐಟಂ ಕಡೆಯಿಂದ ನೋಡುವ ದಾರಿ. ಹದಿನೈದು ಐಟಂ ಇರುವ ಬಿಲ್ಲಿನ ಒಟ್ಟು ಲಾಭ ಒಂದೇ ಸಾಲಿನಲ್ಲಿ ಬೇಕೆಂದರೆ ಬಹುತೇಕ ಅಂಗಡಿಯವರು ಟ್ಯಾಲಿ ಮಾರುವ ಪಾರ್ಟ್ನರ್ ಕಡೆಯಿಂದ ಟಿಡಿಎಲ್ (ಟ್ಯಾಲಿಗೆ ಸೇರಿಸುವ ಪುಟ್ಟ ಪ್ರೋಗ್ರಾಮ್) ಬರೆಸಿ ಹಾಕಿಸಿಕೊಳ್ಳುತ್ತಾರೆ. ವ್ಯಾಪಾರ್‌ನಂಥ ಚಿಕ್ಕ ಅಂಗಡಿಗಳ ಆ್ಯಪ್‌ನಲ್ಲಿ ಬಿಲ್‌ವಾರು ಲಾಭದ ವರದಿ ಸಿದ್ಧವಾಗಿಯೇ ಸಿಗುತ್ತದೆ. ಸಿದ್ಧವಾಗಿ ಸಿಕ್ಕಿತೆಂದು ಮೇಲಿನ ನಾಲ್ಕು ಎಂಟ್ರಿಯ ಪರೀಕ್ಷೆಯನ್ನು ಬಿಡುವಂತಿಲ್ಲ. ದುಡ್ಡು ಕೊಟ್ಟು ಬರೆಸಿದ ಟಿಡಿಎಲ್‌ಗೆ ಅದು ಇನ್ನೂ ಹೆಚ್ಚು ಅಗತ್ಯ, ಯಾಕೆಂದರೆ ಬರೆದವನು ಅಸಲಿಗೆ ಕೊನೆಯ ಖರೀದಿ ದರವನ್ನು ಎಳೆದಿದ್ದರೆ ಅದು ಟ್ಯಾಲಿಯ ಸರಾಸರಿಗೂ ಖರೀದಿ-ಮಾರಾಟದ ಒಟ್ಟು ಲಾಭ ತೋರಿಸುವ ನಿಮ್ಮ ಟ್ರೇಡಿಂಗ್ ಅಕೌಂಟಿಗೂ ಎಂದೂ ತಾಳೆಯಾಗುವುದಿಲ್ಲ.

ಇದೆಲ್ಲ ಮಾತು ಬಿಲ್ಲಿನಲ್ಲಿ ಐಟಂ, ಸಂಖ್ಯೆ ಎಲ್ಲ ಬರೆಯುವ ಅಂಗಡಿಗಳಿಗೆ ಮಾತ್ರ. ಮಾರಾಟದ ಒಟ್ಟು ಮೊತ್ತವನ್ನಷ್ಟೇ ಎಂಟ್ರಿ ಮಾಡಿ, ಮಾರ್ಚ್ 31ರ ದಾಸ್ತಾನನ್ನು ಆಡಿಟರ್ ಕೇಳಿದಾಗ ಕೈಯಿಂದ ತುಂಬುವವರಿಗೆ ಬಿಲ್‌ವಾರು ಲಾಭ ಯಾವ ಸಾಫ್ಟ್‌ವೇರಿನಿಂದಲೂ ಬರುವುದಿಲ್ಲ.

ತಡವಾಗಿ ಬರುವ ಕಾಗದಗಳು

ಮತ್ತೆ ಟೆಂಪೊ ಬಾಡಿಗೆಗೆ ಬರೋಣ. 18ರ ಖರೀದಿಯನ್ನು ತುರ್ತಾಗಿ ತರಿಸಿದ್ದಕ್ಕೆ ಬಾಡಿಗೆ, ಹಮಾಲಿ ಸೇರಿ 3,000 ರೂಪಾಯಿ. ಅದನ್ನು ಮಾಲಿನ ಅಸಲಿಗೆ ಸೇರಿಸಿದರೆ 50 ಕಾಯಿಲ್‌ಗೆ 1,29,000, ಒಂದಕ್ಕೆ 2,580. ಮಾರಿದ 25ಕ್ಕೆ 64,500, ಲಾಭ 4,250. ಕಮ್ಮಿಯಾದ 1,500 ಎಲ್ಲಿಗೂ ಹೋಗಿಲ್ಲ. ಬಾಡಿಗೆಯ ಅರ್ಧ ಮಾರಿದ ಮಾಲಿನ ತಲೆಗೆ, ಉಳಿದರ್ಧ ಗೋಡೌನ್‌ನಲ್ಲಿರುವ 25 ಕಾಯಿಲ್‌ಗಳ ಬೆಲೆಗೆ ಸೇರಿಕೊಂಡಿತು. ಬಾಡಿಗೆಯನ್ನು ಅಂಗಡಿ ಖರ್ಚಿನ ಲೆಡ್ಜರಿಗೆ (ಖಾತೆಗೆ) ಹಾಕಿದ್ದರೆ ಬಿಲ್ಲಿನ ಲಾಭ 5,750 ಆಗಿಯೇ ಉಳಿಯುತ್ತಿತ್ತು, ಸಾಹುಕಾರರೂ ಸುಮ್ಮನಿರುತ್ತಿದ್ದರು. ಆದರೆ ಆ 5,750 ನಿಜಕ್ಕಿಂತ ಚೆಂದವಾಗಿ ಕಾಣುವ ಸಂಖ್ಯೆ.

ಟ್ಯಾಲಿಯಲ್ಲಿ ಬಾಡಿಗೆಯನ್ನು ಐಟಂಗಳ ಮೇಲೆ ಹಂಚಬೇಕಾದರೆ ಖರೀದಿ ವೋಚರ್ ಟೈಪಿನಲ್ಲಿ ಹೆಚ್ಚುವರಿ ವೆಚ್ಚ ಹಿಂಬಾಲಿಸುವ ಆಯ್ಕೆಯನ್ನು ಚಾಲೂ ಮಾಡಿ, ಬಾಡಿಗೆಯ ಲೆಡ್ಜರಿನಲ್ಲಿ ಹಂಚುವ ಕ್ರಮವನ್ನು ಆರಿಸಬೇಕು: ಸಂಖ್ಯೆಯ ಮೇಲೋ, ಮೌಲ್ಯದ ಮೇಲೋ. ಇದರಲ್ಲಿ ಯೋಚಿಸಬೇಕಾದ್ದಿದೆ. ಒಂದೇ ಗಾಡಿಯಲ್ಲಿ ವೈರು, ಸ್ವಿಚ್ಚು, ಪಿವಿಸಿ ಪೈಪು ಬಂದಿದ್ದರೆ ಮೌಲ್ಯದ ಮೇಲೆ ಹಂಚಿದಾಗ ಬಾಡಿಗೆಯ ಹೆಚ್ಚು ಪಾಲು ದುಬಾರಿ ವೈರಿಗೆ ಬೀಳುತ್ತದೆ, ಗಾಡಿಯ ಜಾಗ ತುಂಬಿಸಿದ ಪೈಪಿಗೆ ಚಿಲ್ಲರೆ. ಸಂಖ್ಯೆಯ ಮೇಲೆ ಹಂಚಿದರೆ ಸಾವಿರ ಸ್ವಿಚ್ಚಿನ ಮೇಲೆ ಇಡೀ ಬಾಡಿಗೆ ಬಿದ್ದು ಸ್ವಿಚ್ಚು ನಷ್ಟದಲ್ಲಿ ಕಾಣುತ್ತದೆ. ಜಾಗ ತಿನ್ನುವ ಮಾಲನ್ನು ಬೇರೆ ಖರೀದಿ ಎಂಟ್ರಿ ಮಾಡಿ, ಬಾಡಿಗೆಯನ್ನು ಕೈಯಿಂದ ಎರಡು ಪಾಲು ಮಾಡಿ ಹಾಕುವುದೇ ಮೇಲು. ಲೆಕ್ಕದ ಪುಸ್ತಕ ಇದನ್ನು ಹೇಳಿಕೊಡುವುದಿಲ್ಲ, ಗಾಡಿ ಇಳಿಸುವಾಗ ನಿಂತು ನೋಡಿದವರಿಗೆ ಗೊತ್ತಿರುತ್ತದೆ.

ಬಾಡಿಗೆ ಲಾಭ ಇಳಿಸುವ ಕಾಗದವಾದರೆ, ಲಾಭ ಏರಿಸುವ ಕಾಗದವೂ ತಡವಾಗಿಯೇ ಬರುತ್ತದೆ. ತ್ರೈಮಾಸಿಕ ಟಾರ್ಗೆಟ್ ಮುಟ್ಟಿದ್ದಕ್ಕೆ ಕಂಪನಿ ಶೇ. 2ರ ಕ್ರೆಡಿಟ್ ನೋಟ್ (ಇಷ್ಟು ಮೊತ್ತ ನಿಮಗೆ ಜಮಾ ಎನ್ನುವ ಚೀಟಿ) ಕೊಟ್ಟರೆ, 1,26,000ದ ಮೇಲೆ 2,520 ರೂಪಾಯಿ, ಕಾಯಿಲ್‌ಗೆ 50 ರೂಪಾಯಿ 40 ಪೈಸೆ. ಹೆಚ್ಚಿನವರು ಇದನ್ನು "ಡಿಸ್ಕೌಂಟ್ ಬಂದದ್ದು" ಎಂಬ ಆದಾಯದ ಲೆಡ್ಜರಿಗೆ ಹಾಕಿ ಮುಗಿಸುತ್ತಾರೆ. ಆಗ ವರ್ಷದ ಲಾಭ ಸರಿ ಬರುತ್ತದೆ, ಬಿಲ್ಲಿನ ಲಾಭ ಮಾತ್ರ ಕಮ್ಮಿ ಕಾಣುತ್ತದೆ. ನನಗೆ ಇದು ತಪ್ಪೆನಿಸುವುದಿಲ್ಲ. ಬರುವುದು ಖಾತ್ರಿಯಿಲ್ಲದ ಸ್ಕೀಮನ್ನು ಅಸಲಿನಲ್ಲಿ ಮೊದಲೇ ಕಳೆದುಕೊಂಡು ರೇಟ್ ಬಿಟ್ಟವರು, ಟಾರ್ಗೆಟ್ ತಪ್ಪಿದಾಗ ಪೂರಾ ಕೈಸುಟ್ಟುಕೊಳ್ಳುತ್ತಾರೆ. ಬಾಡಿಗೆ ಒಳಗೆ, ಸ್ಕೀಮು ಹೊರಗೆ ಎಂಬ ಕ್ರಮ ಶಾಸ್ತ್ರೀಯವಲ್ಲದಿದ್ದರೂ ಗಲ್ಲಾದಲ್ಲಿ ಕೂತವರಿಗೆ ಹೊಂದುತ್ತದೆ. ಬಿಲ್ಲಿನಲ್ಲೇ ಬರುವ "ಹತ್ತಕ್ಕೆ ಒಂದು ಫ್ರೀ" ಮಾತ್ರ ಬೇರೆ. ಆ ಹನ್ನೊಂದನೆಯದನ್ನು ಎಂಟ್ರಿ ಮಾಡಲೇಬೇಕು. 100ರಂತೆ ಹತ್ತಕ್ಕೆ ಸಾವಿರ ಕೊಟ್ಟು ಹನ್ನೊಂದು ಬಂದರೆ ಅಸಲು 90 ರೂಪಾಯಿ 91 ಪೈಸೆ. ಎಂಟ್ರಿ ಮಾಡದೆ ಬಿಟ್ಟರೆ ಹನ್ನೊಂದನೆಯ ನಗ ಮಾರುವಾಗ ಸ್ಟಾಕು ಸೊನ್ನೆಗಿಂತ ಕೆಳಗಿಳಿಯುತ್ತದೆ.

ಮೈನಸ್ ಸ್ಟಾಕು

ಬಿಲ್‌ವಾರು ಲಾಭ ಹಾಳಾಗುವುದಕ್ಕೆ ಅತಿ ದೊಡ್ಡ ಕಾರಣ ಇದೇ. ಬೆಳಿಗ್ಗೆ ಮಾಲು ಇಳಿಯಿತು, ಚಲನ್ ಮೇಜಿನ ಮೇಲೆ ಬಿತ್ತು, ಹತ್ತು ಗಂಟೆಗೆ ಗಿರಾಕಿ ಬಂದು ಒಯ್ದ. ಖರೀದಿ ಎಂಟ್ರಿ ಆಗಿದ್ದು ಮುಂದಿನ ವಾರ, ಅದೂ ಎಂಟ್ರಿ ಮಾಡಿದ ದಿನದ ತಾರೀಖಿಗೆ. ಮಾರಿದ ಗಳಿಗೆಯಲ್ಲಿ ಸಾಫ್ಟ್‌ವೇರಿನ ಕಣ್ಣಿಗೆ ಆ ಮಾಲು ಇರಲೇ ಇಲ್ಲ. ಕೆಲವು ಸಾಫ್ಟ್‌ವೇರ್ ಅಸಲನ್ನು ಸೊನ್ನೆ ಎಂದು ಹಿಡಿದು ಪೂರ್ತಿ ಮಾರಾಟವನ್ನೇ ಲಾಭ ಎನ್ನುತ್ತವೆ, ಕೆಲವು ಹಳೆಯ ದರ ಹಚ್ಚುತ್ತವೆ. ಸೊನ್ನೆ ಹಿಡಿಯುವುದೇ ವಾಸಿ, ನೂರಕ್ಕೆ ನೂರು ಲಾಭ ಕಂಡರೆ ಯಾರಾದರೂ ತಿರುಗಿ ನೋಡುತ್ತಾರೆ. ಹಳೆಯ ದರ ಹಚ್ಚಿದ ತಪ್ಪು ನಂಬುವಂತೆಯೇ ಇರುವುದರಿಂದ ವರ್ಷಗಟ್ಟಲೆ ಬದುಕುತ್ತದೆ.

ಟ್ಯಾಲಿಯಲ್ಲಿ ಎಕ್ಸೆಪ್ಷನ್ ರಿಪೋರ್ಟ್ಸ್ ಅಡಿಯಲ್ಲಿ ನೆಗೆಟಿವ್ ಸ್ಟಾಕ್ ಎಂಬ ವರದಿ ಇದೆ. ಲಾಭದ ವರದಿ ತೆರೆಯುವ ಮೊದಲು ಇದನ್ನು ತೆರೆಯಬೇಕು. ತಿಂಗಳ ಕೊನೆಯ ದಿನಕ್ಕಷ್ಟೇ ನೋಡಿದರೆ ಸಾಲದು, ಅಷ್ಟರಲ್ಲಿ ಖರೀದಿ ಎಂಟ್ರಿಯಾಗಿ ಎಲ್ಲ ಸರಿಹೋದಂತೆ ಕಾಣುತ್ತದೆ. ನಡುವಿನ ತಾರೀಖುಗಳಿಗೆ ಇಟ್ಟು ನೋಡಿದಾಗ ಗುಟ್ಟು ಹೊರಬೀಳುತ್ತದೆ. ಪರಿಹಾರ ಸರಳ, ಪಾಲಿಸುವುದು ಕಷ್ಟ: ಮಾಲು ಇಳಿದ ದಿನವೇ ಚಲನ್ ನೋಡಿ ರಿಸೀಟ್ ನೋಟ್ (ಮಾಲು ಬಂತೆಂಬ ಎಂಟ್ರಿ) ಹಾಕಬೇಕು, ಬಿಲ್ಲು ಬಂದಾಗ ಅದಕ್ಕೆ ಜೋಡಿಸಬೇಕು.

ಕಾಯಿಲ್ಲು ಮತ್ತು ಮೀಟರು

ವೈರು ಖರೀದಿಯಾಗುವುದು 90 ಮೀಟರಿನ ಕಾಯಿಲ್ ಲೆಕ್ಕದಲ್ಲಿ, ಬಿಡಿ ಮಾರಾಟ ಮೀಟರ್ ಲೆಕ್ಕದಲ್ಲಿ. 2,520ರ ಕಾಯಿಲ್ ಅಂದರೆ ಮೀಟರಿಗೆ ಸರಿಯಾಗಿ 28 ರೂಪಾಯಿ. 32ಕ್ಕೆ ಮಾರಿದರೆ ಕಾಯಿಲ್‌ಗೆ 360 ರೂಪಾಯಿ ಲಾಭ ಎಂದು ವರದಿ ಹೇಳುತ್ತದೆ. ಆದರೆ ಕತ್ತರಿಸಿ ಕತ್ತರಿಸಿ ಕೊನೆಗೆ ಮೂರು ಮೀಟರಿನ ತುಂಡು ಉಳಿಯುತ್ತದೆ, ಅದನ್ನು ಕೇಳುವವರಿಲ್ಲ. 87 ಮೀಟರಿಗೆ ಬಂದದ್ದು 2,784, ನಿಜವಾದ ಲಾಭ 264. ಮೂರು ಮೀಟರಿನ ತುಂಡು ಲಾಭದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ತಿಂದುಹಾಕಿತು. ಯಾವ ಬಿಲ್ಲಿನ ಲಾಭದಲ್ಲೂ ಇದು ಕಾಣಿಸುವುದಿಲ್ಲ, ವರ್ಷಕ್ಕೊಮ್ಮೆ ಮಾಲು ಎಣಿಸುವಾಗ "ಕಡಿಮೆ ಬಿದ್ದದ್ದು" ಎಂದು ಕಾಣುತ್ತದೆ. ಬಿಡಿ ಮಾರುವ ವೈರಿನ ರೇಟನ್ನು 87ರಿಂದ ಭಾಗಿಸಿ ನಿಗದಿ ಮಾಡಿದರೆ ಅಸಲು ಮೀಟರಿಗೆ ಸುಮಾರು 29 ರೂಪಾಯಿ ಆಗುತ್ತದೆ.

ಯೂನಿಟ್ಟಿನ ತಪ್ಪು ಇದಕ್ಕಿಂತ ಒರಟು. ಬಿಲ್ಲಿನಲ್ಲಿ ಯೂನಿಟ್ ಕಾಯಿಲ್ ಎಂದೇ ಇದ್ದು, ಹುಡುಗ ಮೀಟರ್ ದರ 32 ಹೊಡೆದು ಸಂಖ್ಯೆ 1 ಎಂದರೆ, ಒಂದೇ ಸಾಲಿನಲ್ಲಿ ಎರಡೂವರೆ ಸಾವಿರ ನಷ್ಟ. ಇದನ್ನು ಹಿಡಿಯಲು ಬಿಲ್‌ವಾರು ವರದಿಯನ್ನು ಲಾಭದ ಶೇಕಡಾವಾರು ಕಾಲಮ್ಮಿನ ಮೇಲೆ ವಿಂಗಡಿಸಿ ಮೇಲಿನ ಹತ್ತು, ಕೆಳಗಿನ ಹತ್ತು ಸಾಲು ನೋಡಿದರೆ ಸಾಕು. ಬಿಲ್‌ವಾರು ಲಾಭದ ಅತ್ಯಂತ ಒಳ್ಳೆಯ ಉಪಯೋಗ ಇದೇ ಎಂದು ನನ್ನ ಅಭಿಪ್ರಾಯ. ಎಷ್ಟು ಗಳಿಸಿದೆವು ಎಂದು ತಿಳಿಯುವುದಕ್ಕಿಂತ ಯಾವ ಎಂಟ್ರಿ ಕೆಟ್ಟಿದೆ ಎಂದು ತಿಳಿಯಲು ಅದು ಹೆಚ್ಚು ನಂಬಿಕಸ್ತ.

ಶೇಕಡಾವಾರು ಎಂದಾಗ ಇನ್ನೊಂದು ಮಾತು. ಅಂಗಡಿಯವರು ಬಾಯಿಲೆಕ್ಕದಲ್ಲಿ "ಹತ್ತು ಪರ್ಸೆಂಟ್" ಎನ್ನುವುದು ಅಸಲಿನ ಮೇಲೆ, ವರದಿ ತೋರಿಸುವುದು ಸಾಮಾನ್ಯವಾಗಿ ಮಾರಾಟದ ಮೇಲೆ. 100ಕ್ಕೆ ತಂದು 110ಕ್ಕೆ ಮಾರಿದರೆ ವರದಿ ಶೇ. 9.09 ಎನ್ನುತ್ತದೆ. ಹತ್ತು ಇಟ್ಟು ಮಾರಿದ್ದೇನೆಂದು ಹತ್ತು ಪರ್ಸೆಂಟ್ ಡಿಸ್ಕೌಂಟ್ ಬಿಟ್ಟರೆ 99 ರೂಪಾಯಿ, ಅಸಲಿಗೆ ಒಂದು ರೂಪಾಯಿ ಕಮ್ಮಿ. ಚೌಕಾಸಿಯೂ ಹಾಗೆ: ಶೇ. 18 ಜಿಎಸ್‌ಟಿ ಸೇರಿ 3,245 ಆಗುವ ಕಾಯಿಲ್‌ಗೆ "ನಲವತ್ತೈದು ಬಿಡಿ ಅಣ್ಣಾ, ರೌಂಡ್ ಮಾಡಿ" ಎಂದರೆ ನಿಮ್ಮ ಕೈಯಿಂದ ಹೋಗುವುದು 38 ರೂಪಾಯಿ 14 ಪೈಸೆ, ಉಳಿದದ್ದು ತೆರಿಗೆಯಿಂದ. ಆದರೆ ಅದನ್ನು ಬಿಲ್ಲಿನಲ್ಲಿ ತೆರಿಗೆಗೆ ಮುಂಚೆ ಡಿಸ್ಕೌಂಟ್ ಆಗಿ ತೋರಿಸಿದರೆ ಮಾತ್ರ. ತೆರಿಗೆಯೆಲ್ಲ ಕೂಡಿದ ಮೇಲೆ ಕೆಳಗೆ ರೌಂಡ್ ಆಫ್ ಲೆಡ್ಜರಿನಲ್ಲಿ 45 ಕಳೆದರೆ ಪೂರಾ 45 ನಿಮ್ಮದೇ. ಅದು ಐಟಂವಾರು ಲಾಭದ ವರದಿಗೂ ಸೇರುವುದಿಲ್ಲ.

(ಹಳೆಯ ಬಟ್ಟೆ ಅಂಗಡಿಗಳಲ್ಲಿ ಸೀರೆಯ ಚೀಟಿಯ ಮೇಲೆ ನಾಲ್ಕಾರು ಅಕ್ಷರ ಬರೆದಿರುತ್ತಿದ್ದರು. ಹತ್ತು ಅಕ್ಷರಗಳ ಒಂದು ಗುಟ್ಟಿನ ಪದ, ಒಂದೊಂದು ಅಕ್ಷರಕ್ಕೂ ಒಂದೊಂದು ಅಂಕಿ. ಮಾರುವವನಿಗೆ ಅಸಲು ಎಷ್ಟೆಂದು ಕಣ್ಣಳತೆಯಲ್ಲೇ ಗೊತ್ತು, ಗಿರಾಕಿಗೆ ಗೊತ್ತಿಲ್ಲ. ಮಾಲಿನ ಮೇಲೆಯೇ ಅದರ ನಿಜವಾದ ಅಸಲು ಅಂಟಿಕೊಂಡಿರುವುದರಿಂದ ಸರಾಸರಿಯ ರಗಳೆಯೇ ಇಲ್ಲ.)

ಬಿಲ್ಲಿನ ಹೊರಗೆ ಉಳಿದದ್ದು

ಆ 4,250 ಕೂಡ ಕೊನೆಯ ಮಾತಲ್ಲ. ಕಂಟ್ರಾಕ್ಟರಿಗೆ ಮಾಲು ಕೊಟ್ಟದ್ದು ಉದ್ರಿ. ಬಿಲ್ಲಿನ ಮೊತ್ತ ಜಿಎಸ್‌ಟಿ 12,375 ಸೇರಿ 81,125. ದುಡ್ಡು ಬಂದದ್ದು 90 ದಿನಕ್ಕೆ. ಬ್ಯಾಂಕಿನ ಓಡಿಗೆ (ಓವರ್‌ಡ್ರಾಫ್ಟ್ ಸಾಲಕ್ಕೆ) ವರ್ಷಕ್ಕೆ ಶೇ. 12 ಬಡ್ಡಿ ಎಂದರೆ 90 ದಿನಕ್ಕೆ 2,400 ರೂಪಾಯಿ. ಗಿರಾಕಿ ಕೊಡದಿದ್ದರೂ ಆ ತಿಂಗಳ ತೆರಿಗೆಯನ್ನು ಸಾಮಾನ್ಯವಾಗಿ ಮುಂದಿನ ತಿಂಗಳು 20ರೊಳಗೆ ಕಟ್ಟಲೇಬೇಕು, ಹಾಗಾಗಿ ಬಡ್ಡಿ ಲೆಕ್ಕ ಹಾಕುವಾಗ ತೆರಿಗೆಯ ಮೊತ್ತವನ್ನೂ ಸೇರಿಸಿಕೊಳ್ಳಬೇಕು, ಖರೀದಿಯ ಇನ್‌ಪುಟ್ ತೆರಿಗೆ ಕಳೆದರೆ ಅಂಕಿ ಸ್ವಲ್ಪ ಇಳಿಯಬಹುದಷ್ಟೆ. ಉಳಿದದ್ದು 1,850. ಸೈಟಿಗೆ ಮಾಲು ಮುಟ್ಟಿಸಿದ ಆಟೊ ಬಾಡಿಗೆ, ಗಿರಾಕಿಯನ್ನು ಕರೆತಂದ ಎಲೆಕ್ಟ್ರಿಷಿಯನ್ನಿನ ಕಮಿಷನ್ನು ಇನ್ನೂ ಕಳೆದಿಲ್ಲ. ಅದೇ ದಿನ ಕೌಂಟರಿನಲ್ಲಿ ನಗದಿಗೆ ಮೀಟರ್ ಲೆಕ್ಕದಲ್ಲಿ ಮಾರಿದ ಏಳೆಂಟು ಕಾಯಿಲ್ ಈ 25 ಕಾಯಿಲ್‌ಗಿಂತ ಹೆಚ್ಚು ಗಿಟ್ಟಿಸಿರಬಹುದು.

ಬಡ್ಡಿಯನ್ನು ಅಸಲಿಗೆ ಸೇರಿಸಲು ಹೋಗಬಾರದು, ಅದು ದಾಸ್ತಾನಿನ ಬೆಲೆಗೆ ಸೇರುವ ಖರ್ಚಲ್ಲ. ಆಟೊ ಬಾಡಿಗೆ, ಕಮಿಷನ್ನು ಕೂಡ ಮಾರಾಟದ ಖರ್ಚುಗಳೇ. ಅವನ್ನು ಬಿಲ್ಲಿನ ಜೊತೆ ನೋಡಬೇಕೆಂದರೆ ದೊಡ್ಡ ಗಿರಾಕಿಗಳಿಗೆ ಒಂದೊಂದು ಕಾಸ್ಟ್ ಸೆಂಟರ್ (ಸಂಬಂಧಪಟ್ಟ ಎಂಟ್ರಿಗಳನ್ನು ಒಟ್ಟಿಗೆ ನೋಡುವ ಗುಂಪು) ಮಾಡಿ, ಮಾರಾಟವನ್ನೂ ಈ ಖರ್ಚುಗಳನ್ನೂ ಅದಕ್ಕೆ ಹಚ್ಚಿದರಾಯಿತು. ಎಲ್ಲ ಗಿರಾಕಿಗಳಿಗೂ ಮಾಡಲು ಹೊರಟರೆ ಎಂಟ್ರಿ ಮಾಡುವವನು ಎರಡನೇ ತಿಂಗಳಿಗೇ ಕೈಚೆಲ್ಲುತ್ತಾನೆ.

ತೆರಿಗೆಯ ಬಗ್ಗೆ ಒಂದು ಸಾಲು ಸಾಕು: ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಸಿಗುವವರಿಗೆ ಖರೀದಿಯ ಜಿಎಸ್‌ಟಿ ಅಸಲಲ್ಲ, ಆ ಅವಕಾಶವಿಲ್ಲದ ಕಾಂಪೊಸಿಷನ್ ಯೋಜನೆಯಲ್ಲಿ ಇರುವವರಿಗೆ ಅದು ಪೂರಾ ಅಸಲು.

ತಾಳೆ ನೋಡುವುದು

ತಿಂಗಳ ಎಲ್ಲಾ ಬಿಲ್ಲುಗಳ ಲಾಭವನ್ನು ಕೂಡಿಸಿದರೆ ಟ್ರೇಡಿಂಗ್ ಅಕೌಂಟಿನ ಗ್ರಾಸ್ ಪ್ರಾಫಿಟ್ ಬರಬೇಕು. ಬರುವುದಿಲ್ಲ. ಎಷ್ಟು ವ್ಯತ್ಯಾಸ, ಯಾವ ಕಾರಣಕ್ಕೆ ಎಂದು ಒಮ್ಮೆ ಕೂತು ಬಿಡಿಸಿದರೆ ವರದಿಯ ಮೇಲೆ ಎಷ್ಟು ಭಾರ ಹಾಕಬಹುದು ಎಂದು ತಿಳಿಯುತ್ತದೆ. ಉದಾಹರಣೆಗೆ ಬಿಲ್ಲುಗಳ ಒಟ್ಟು ಲಾಭ 1,82,400, ಟ್ರೇಡಿಂಗ್ ಅಕೌಂಟಿನಲ್ಲಿ 1,61,900 ಇರಲಿ. 20,500ರ ಅಂತರದಲ್ಲಿ, ಐಟಂಗಳಿಗೆ ಹಂಚದೆ ನೇರ ಖರ್ಚಿನ ಲೆಡ್ಜರಿನಲ್ಲಿ ಉಳಿದ ಬಾಡಿಗೆ 9,000. ಎಣಿಸಿದಾಗ ಕಡಿಮೆ ಬಿದ್ದ ಮಾಲು 6,300. ಬಿಲ್ಲಿನ ಕೆಳಗೆ ಬಿಟ್ಟ ಡಿಸ್ಕೌಂಟು 3,700. ಗಿರಾಕಿಗೆ ಉಚಿತವಾಗಿ ಕೊಟ್ಟ ಮಾಲು 1,500. ಈ ಕೊನೆಯದಕ್ಕೆ ಇನ್ನೊಂದು ಕೊಂಡಿ ಇದೆ: ಕಾಣಿಕೆಯಾಗಿಯೋ ಸ್ಯಾಂಪಲ್ ಆಗಿಯೋ ಕೊಟ್ಟ ಮಾಲಿಗೆ, ಕಳೆದುಹೋದ ಅಥವಾ ಹಾಳಾಗಿ ಲೆಕ್ಕದಿಂದ ತೆಗೆದ ಮಾಲಿಗೆ ತೆಗೆದುಕೊಂಡ ಇನ್‌ಪುಟ್ ಕ್ರೆಡಿಟನ್ನು ಜಿಎಸ್‌ಟಿ ಕಾಯ್ದೆಯ 17(5) ಕಲಮಿನ ಪ್ರಕಾರ ಹಿಂದಿರುಗಿಸಬೇಕು. ಹಾಗಾಗಿ ಕಡಿಮೆ ಬಿದ್ದ 6,300ರ ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ.

ಮಾರಾಟ ವಾಪಸು ಬಂದಾಗಲೂ ಅಂತರ ಹುಟ್ಟುತ್ತದೆ. 2,750ಕ್ಕೆ ಮಾರಿದ ಕಾಯಿಲ್ ವಾಪಸು ಬಂದರೆ ಕ್ರೆಡಿಟ್ ನೋಟ್ 2,750ಕ್ಕೇ ಆಗುತ್ತದೆ, ಆದರೆ ಸ್ಟಾಕಿಗೆ ಅದು ಅಸಲಿನ ದರದಲ್ಲಿ ಮರಳಬೇಕು. ಮಾರಾಟದ ದರದಲ್ಲಿ ಮರಳಿದರೆ ಸರಾಸರಿ ಉಬ್ಬುತ್ತದೆ, ಮುಂದಿನ ಬಿಲ್ಲುಗಳೆಲ್ಲ ಸಣಕಲಾಗಿ ಕಾಣುತ್ತವೆ. ಖಾಲಿ ಕಂಪನಿಯ ಪರೀಕ್ಷೆಗೆ ಐದನೇ ಎಂಟ್ರಿಯಾಗಿ ಒಂದು ಸೇಲ್ಸ್ ರಿಟರ್ನ್ ಹಾಕಿ ನೋಡುವುದು ಒಳ್ಳೆಯದು.

ಕಾನೂನೇ ಬಿಲ್ಲಿನ ಲಾಭ ಕೇಳುವ ಜಾಗ

ವೈರು, ಸಿಮೆಂಟು, ಸಕ್ಕರೆಯಲ್ಲಿ ಇದು ಅದು ಎಂಬ ಭೇದವಿಲ್ಲ, ಅದಕ್ಕೇ ಫಿಫೊ, ಸರಾಸರಿ ಎಂಬ ಕಲ್ಪನೆಗಳು ಬೇಕಾಗಿವೆ. ಹಳೆಯ ಕಾರು ಮಾರುವವರ ಪಾಡು ಬೇರೆ. ಪ್ರತಿ ಗಾಡಿಗೂ ಚಾಸಿ ನಂಬರು, ಅದರದೇ ಖರೀದಿ ಬೆಲೆ. ಎಎಸ್ 2 ಇಂಥ ಮಾಲಿಗೆ ಒಂದೊಂದಕ್ಕೂ ಅದರದೇ ಅಸಲು ಹಿಡಿಯಬೇಕೆನ್ನುತ್ತದೆ. ಇಲ್ಲಿ ಬಿಲ್ಲಿನ ಲಾಭವೇ ತೆರಿಗೆಯ ಆಧಾರ: ಖರೀದಿಯ ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳದ ಡೀಲರ್ ಜಿಎಸ್‌ಟಿ ಕಟ್ಟುವುದು ಪೂರ್ತಿ ಬೆಲೆಗಲ್ಲ, ಮಾರಿದ ಬೆಲೆಗೂ ಕೊಂಡ ಬೆಲೆಗೂ ಇರುವ ಅಂತರಕ್ಕೆ. 2025ರಿಂದ ಹಳೆಯ ವಾಹನಗಳೆಲ್ಲಕ್ಕೂ ಈ ಅಂತರದ ಮೇಲೆ ಶೇ. 18. ಅಂತರ ಮೈನಸ್ ಆದರೆ ತೆರಿಗೆಯಿಲ್ಲ, ಆದರೆ ಆ ಮೈನಸ್ಸನ್ನು ಇನ್ನೊಂದು ಗಾಡಿಯ ಲಾಭಕ್ಕೆ ವಜಾ ಹಾಕುವಂತಿಲ್ಲ. ಒಂದು ಕಾರಿನಲ್ಲಿ 40,000 ಬಂದು ಇನ್ನೊಂದರಲ್ಲಿ 40,000 ಹೋದರೆ ವ್ಯಾಪಾರಕ್ಕೆ ಸೊನ್ನೆ, ಸರ್ಕಾರಕ್ಕೆ 7,200.

ಕೊಂಡ ಮೇಲೆ ಹಾಕಿಸಿದ ಟಯರು, ಟಿಂಕರಿಂಗು, ಪೇಂಟು ಆ ಗಾಡಿಯ ಲಾಭ ತಿಳಿಯಲು ಅಸಲಿಗೆ ಸೇರಲೇಬೇಕು. ತೆರಿಗೆಯ ಅಂತರ ಮಾತ್ರ ಕೊಂಡ ಬೆಲೆಯಿಂದಲೇ ಶುರು. ಹಾಗಾಗಿ ಒಂದೇ ಗಾಡಿಗೆ ಎರಡು ಲಾಭದ ಕಾಲಮ್ ಇಡಬೇಕಾಗುತ್ತದೆ. ಟ್ಯಾಲಿಯಲ್ಲಿ ಗಾಡಿಯ ನಂಬರನ್ನೇ ಬ್ಯಾಚ್ ಎಂದು ಕೊಟ್ಟು, ರಿಪೇರಿ ಖರ್ಚನ್ನು ಬೇರೆ ಲೆಡ್ಜರಿನಲ್ಲಿ ಅದೇ ನಂಬರಿನ ಕಾಸ್ಟ್ ಸೆಂಟರಿಗೆ ಹಾಕಿದರೆ ಎರಡನ್ನೂ ಬೇರೆಬೇರೆಯಾಗಿ ತೆಗೆಯಬಹುದು.

ವಿಧಾನ ಬದಲಿಸುವವರಿಗೆ

ಇಷ್ಟೆಲ್ಲ ಓದಿ ಸರಾಸರಿಯಿಂದ ಫಿಫೊಗೆ ಹೋಗೋಣ ಎಂದು ಅನ್ನಿಸಿದರೆ ನವೆಂಬರಿನಲ್ಲಿ ಕೂತು ಐಟಂ ಮಾಸ್ಟರ್ ತಿದ್ದಬೇಡಿ. ತಿದ್ದಿದ ಕ್ಷಣದಲ್ಲಿ ವರ್ಷದ ಮೊದಲಿನಿಂದ ಎಲ್ಲಾ ಬಿಲ್ಲುಗಳ ಲಾಭ ಬದಲಾಗುತ್ತದೆ, ಕಳೆದ ಮಾರ್ಚ್ 31ರ ಆಡಿಟ್ ಆದ ದಾಸ್ತಾನಿನ ಬೆಲೆಯೂ ಪರದೆಯ ಮೇಲೆ ಅಲುಗಬಹುದು. ಆಡಿಟರ್ ಜೊತೆ ಮಾತಾಡಿ, ಏಪ್ರಿಲ್ 1ರಿಂದ, ಹಳೆಯ ವರ್ಷದ ಡೇಟಾ ಬೇರೆ ಮಾಡಿಕೊಂಡು ಬದಲಿಸುವುದು ಸರಿ. ಬ್ಯಾಕಪ್ ಮೊದಲು. ಕಂಪನಿ ಕಾಯ್ದೆಯಡಿ ಬರುವವರಿಗೆ 2023ರ ಏಪ್ರಿಲ್ 1ರಿಂದ ಎಡಿಟ್ ಲಾಗ್ (ತಿದ್ದಿದ್ದನ್ನೆಲ್ಲ ಬರೆದಿಡುವ ದಾಖಲೆ) ಕಡ್ಡಾಯವಾಗಿರುವುದರಿಂದ, ಹಿಂದಿನ ತಾರೀಖಿನ ಖರೀದಿಯನ್ನು ತಿದ್ದಿದ್ದು ಅಲ್ಲಿ ದಾಖಲಾಗಿ ಕೂತಿರುತ್ತದೆ. ಪ್ರೊಪ್ರೈಟರ್ ಅಂಗಡಿಗೆ ಆ ಕಟ್ಟಳೆಯಿಲ್ಲ. ಆದರೆ ಪ್ರತಿ ತಿಂಗಳ 10ರಂದು, ಬಾಡಿಗೆ ಬಿಲ್ಲುಗಳೆಲ್ಲ ಬಂದ ಮೇಲೆ, ಹಿಂದಿನ ತಿಂಗಳ ಬಿಲ್‌ವಾರು ಲಾಭವನ್ನು ಪಿಡಿಎಫ್ ಮಾಡಿ, ತೆಗೆದ ತಾರೀಖು, ಕಾಸ್ಟಿಂಗ್ ವಿಧಾನ ಎರಡನ್ನೂ ಫೈಲಿನ ಹೆಸರಿನಲ್ಲೇ ಬರೆದಿಟ್ಟರೆ, ಆಮೇಲೆ ಅಂಕಿ ಬದಲಾದಾಗ ಯಾವ ಎಂಟ್ರಿಯಿಂದ ಬದಲಾಯಿತು ಎಂದು ಹುಡುಕಲು ಒಂದು ಗಡಿ ಸಿಗುತ್ತದೆ.